ಶುಕ್ರವಾರದ ಕಂತು

'ಗಿಲ್ಮೋರ್ ಗರ್ಲ್ಸ್' ಯಾಕೆ ಇಷ್ಟ ಅಂತ ಯಾರನ್ನೇ ಕೇಳಿ, ಬಹುಪಾಲು ಒಂದೇ ಉತ್ತರ: ಅಮ್ಮ ಮಗಳು ಗೆಳತಿಯರ ಥರ ಇದ್ದಾರೆ, ಪಟಪಟ ಅಂತ ಮಾತಾಡ್ತಾರೆ, ಊರು ಚೆನ್ನಾಗಿದೆ. ಉತ್ತರ ಸರಿಯೇ. ಆದರೆ ಇದು 2000ದ ಅಕ್ಟೋಬರ್ 5ರಂದು ಶುರುವಾಗಿ 2007ರ ಮೇ 15ಕ್ಕೆ ಮುಗಿದ ಅಮೆರಿಕದ ಟಿವಿ ಧಾರಾವಾಹಿ. ಏಳು ಸೀಸನ್, 153 ಕಂತು. ಮುಗಿದು ಇಷ್ಟು ವರ್ಷವಾದರೂ ಜನ ಅದನ್ನು ಮೊದಲ ಕಂತಿನಿಂದ ಮತ್ತೆ ಹಾಕಿಕೊಂಡು ಕೂರುತ್ತಾರೆ. ಇಷ್ಟು ಬಾಳಿಕೆ ಬರೀ ಗೆಳೆತನದಿಂದ ಬರುವುದಿಲ್ಲ. ಹೊಂದಿಕೊಂಡು ನಗುನಗುತ್ತಾ ಇರುವ ಅಮ್ಮ ಮಗಳನ್ನು ಹತ್ತು ಕಂತು ನೋಡಬಹುದು. ಆಮೇಲೆ ಹೇಳಲು ಏನೂ ಉಳಿಯುವುದಿಲ್ಲ.

ಈ ಕಥೆ ನಿಂತಿರುವುದು ಒಂದು ಸಾಲದ ಮೇಲೆ. ನೋಡುಗರನ್ನು ಕಟ್ಟಿಹಾಕಿದವರು ಇಬ್ಬರಲ್ಲ, ಮೂವರು: ಅಜ್ಜಿ, ಅಮ್ಮ, ಮೊಮ್ಮಗಳು.

ಲೊರಲೈ ಗಿಲ್ಮೋರ್ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಶ್ರೀಮಂತರ ಮನೆಯ ಒಬ್ಬಳೇ ಮಗಳು. ಹದಿನಾರಕ್ಕೆ ಬಸುರಾದಳು. ಹುಡುಗನನ್ನು ಮದುವೆಯಾಗು ಎಂಬ ಹಿರಿಯರ ಮಾತು ಕೇಳದೆ, ಆಮೇಲೆ ಮಗುವನ್ನೆತ್ತಿಕೊಂಡು ಮನೆ ಬಿಟ್ಟು, ಸ್ಟಾರ್ಸ್ ಹಾಲೋ ಎಂಬ ಪುಟ್ಟ ಊರಿನ ವಸತಿಗೃಹ ಇಂಡಿಪೆಂಡೆನ್ಸ್ ಇನ್‌ನಲ್ಲಿ ಕೋಣೆಗಳನ್ನು ಚೊಕ್ಕ ಮಾಡುವ ಕೆಲಸಕ್ಕೆ ಸೇರಿದಳು. ಕಥೆ ಶುರುವಾಗುವಾಗ ಅವಳಿಗೆ 32 ವರ್ಷ, ಅದೇ ಇನ್‌ನ ಮ್ಯಾನೇಜರ್. ಮಗಳು ರೋರಿಗೆ ಇನ್ನೇನು 16 ತುಂಬಬೇಕು. ಓದಿನಲ್ಲಿ ಚುರುಕಾದ ರೋರಿಗೆ ಚಿಲ್ಟನ್ ಎಂಬ ದುಬಾರಿ ಖಾಸಗಿ ಶಾಲೆಯಲ್ಲಿ ಸೀಟು ಸಿಗುತ್ತದೆ. ದಾಖಲಾತಿ ಹಣ, ಮೊದಲ ಸೆಮಿಸ್ಟರಿನ ಫೀಸು ಎರಡನ್ನೂ ಮೊದಲೇ ಕಟ್ಟಬೇಕು, ಕೈಯಲ್ಲಿ ಅಷ್ಟು ದುಡ್ಡಿಲ್ಲ. ಕೊನೆಗೆ ಅವಳು ಹೋಗಿ ನಿಲ್ಲುವುದು ತವರಿನ ಬಾಗಿಲಲ್ಲಿ. ಬಾಗಿಲು ತೆಗೆದ ತಾಯಿ ಎಮಿಲಿ ಕೇಳುತ್ತಾಳೆ, ಆಗಲೇ ಈಸ್ಟರ್ ಬಂತಾ ಅಂತ. ಹಬ್ಬಕ್ಕಷ್ಟೇ ಮುಖ ತೋರಿಸುವ ಮಗಳ ಮೇಲಿನ ವರ್ಷಗಳ ಸಿಟ್ಟು, ಕಾಯುವಿಕೆ ಎಲ್ಲವೂ ಆ ಒಂದು ಪ್ರಶ್ನೆಯಲ್ಲಿದೆ.

ದುಡ್ಡು ಸಿಗುತ್ತದೆ, ಶರತ್ತಿನ ಮೇಲೆ. ಪ್ರತಿ ಶುಕ್ರವಾರ ರಾತ್ರಿ ಅಮ್ಮ ಮಗಳಿಬ್ಬರೂ ಊಟಕ್ಕೆ ಬರಬೇಕು, ವಾರಕ್ಕೊಂದು ಸಲ ಫೋನು ಮಾಡಬೇಕು. ನಿನ್ನ ಬದುಕಿಗೆ ನಮ್ಮ ಹಣ ಬೇಕಾದರೆ ನಾವೂ ಬೇಕು ಎಂಬುದು ಎಮಿಲಿಯ ನ್ಯಾಯ. ಲೊರಲೈ ತಿರುಗಿ ಕೇಳಿಕೊಳ್ಳುವುದು ಒಂದೇ, ಈ ಸಾಲದ ವಿಷಯ ರೋರಿಗೆ ಗೊತ್ತಾಗಬಾರದು. ಎಮಿಲಿ ಅದಕ್ಕೆ ಹೂಂ ಅನ್ನುವುದೂ ಇಲ್ಲ, ಉಹೂಂ ಅನ್ನುವುದೂ ಇಲ್ಲ. ಏಳು ಗಂಟೆಗೆ ಆಗುತ್ತಾ ಎಂದು ಕೇಳುತ್ತಾಳೆ, ಅಷ್ಟೇ.

ಬರವಣಿಗೆಯ ಕಸುಬಿನ ಕಣ್ಣಿನಿಂದ ನೋಡಿದರೆ ಈ ಶರತ್ತು ಅಪರೂಪದ ಜಾಣತನ. ವಾರಕ್ಕೊಮ್ಮೆ ಬರುವ ಧಾರಾವಾಹಿಗೆ ದೊಡ್ಡ ತಲೆನೋವೆಂದರೆ, ಒಬ್ಬರ ಮುಖ ಇನ್ನೊಬ್ಬರು ನೋಡಲು ಒಲ್ಲದವರನ್ನು ವಾರವಾರವೂ ಒಂದೇ ಕೋಣೆಗೆ ತರುವುದು ಹೇಗೆ ಎಂಬುದು. ಪೊಲೀಸ್ ಕಥೆಗೆ ಹೊಸ ಕೇಸು ಬರುತ್ತದೆ, ಆಸ್ಪತ್ರೆ ಕಥೆಗೆ ಹೊಸ ರೋಗಿ ಬರುತ್ತಾನೆ. ಸಂಸಾರದ ಕಥೆಯಲ್ಲಿ ಜಗಳವಾಡಿದವರು ಎದ್ದು ಹೋದರೆ ಕಥೆ ಅಲ್ಲಿಗೆ ಮುಗಿಯಿತು. ಇಲ್ಲಿ ಎದ್ದು ಹೋಗುವಂತಿಲ್ಲ. ಈ ಶುಕ್ರವಾರ ಎಷ್ಟೇ ಕೆಟ್ಟದಾಗಿ ಮುಗಿದರೂ ಮುಂದಿನ ಶುಕ್ರವಾರ ಬಂದೇ ಬರುತ್ತದೆ.

ಊಟದ ವಿಧಿಯೂ ಗೊತ್ತುಮಾಡಿದ್ದು. ಮೊದಲು ಹಜಾರದಲ್ಲಿ ಪಾನೀಯ, ಆಮೇಲೆ ಮೇಜಿನ ಮೇಲೆ ಊಟ, ಕೊನೆಗೆ ಸಿಹಿ. ಹಜಾರದಲ್ಲಿ ನಿಂತು ಓಡಾಡಬಹುದು, ಗ್ಲಾಸು ಹಿಡಿದು ಕಿಟಕಿ ಕಡೆ ತಿರುಗಬಹುದು, ಆದ್ದರಿಂದ ಅಲ್ಲಿ ಬರುವುದು ಚುಚ್ಚುಮಾತು. ಮೇಜಿಗೆ ಕೂತ ಮೇಲೆ ಅಜ್ಜಿ, ತಾತ ರಿಚರ್ಡ್, ಅಮ್ಮ, ಮಗಳು ನಾಲ್ಕೂ ಜನ ಸಿಕ್ಕಿಬಿದ್ದಂತೆ, ಅಲ್ಲಿ ಗುಟ್ಟು ಒಡೆಯುತ್ತದೆ. ಗುಟ್ಟು ಒಡೆದ ಮೇಲೆ ಅಡುಗೆಮನೆಗೋ ಹೊರಬಾಗಿಲಿಗೋ ಇಬ್ಬರು ಎದ್ದು ಹೋಗುತ್ತಾರೆ, ನಿಜವಾದ ಜಗಳ ನಡೆಯುವುದು ಅಲ್ಲಿ. ಬಾಗಿಲು ತೆಗೆಯುವ ಕೆಲಸದವಳು ಹೆಚ್ಚುಕಡಿಮೆ ಪ್ರತಿ ಸಲವೂ ಹೊಸಬಳು, ಹಳಬಳನ್ನು ಎಮಿಲಿ ಕೆಲಸದಿಂದ ತೆಗೆದಾಗಿರುತ್ತದೆ. ಮೊದಲು ಇದು ನಗಿಸಲು ಇಟ್ಟ ತಮಾಷೆ ಅನ್ನಿಸುತ್ತದೆ. ನೋಡುತ್ತಾ ಹೋದರೆ, ತನ್ನ ಮನೆಯಲ್ಲಿ ಯಾರನ್ನೂ ಉಳಿಸಿಕೊಳ್ಳಲು ಬಾರದ ಹೆಂಗಸಿನ ಪರಿಚಯ ಅದು ಎಂದು ಗೊತ್ತಾಗುತ್ತದೆ.

ಇನ್ನು ವಯಸ್ಸಿನ ಲೆಕ್ಕ. 16 ಮತ್ತು 32. ಅಮ್ಮ ಯಾವ ವಯಸ್ಸಿನಲ್ಲಿ ಎಡವಿದಳೆಂದು ಅಜ್ಜಿ ಭಾವಿಸಿದ್ದಾಳೋ ಸರಿಯಾಗಿ ಆ ವಯಸ್ಸಿಗೆ ಮೊಮ್ಮಗಳು ಬಂದು ನಿಂತಿದ್ದಾಳೆ. ಹಾಗಾಗಿ ರೋರಿ ಒಬ್ಬ ಹುಡುಗನ ಕಡೆ ನೋಡಿದರೂ ಮನೆಯಲ್ಲಿ ಎರಡು ತಲೆಮಾರಿನ ಎದೆ ಹೊಡೆದುಕೊಳ್ಳುತ್ತದೆ. ಮೊದಲ ಸೀಸನ್ನಿನ ಒಂಬತ್ತನೆಯ ಕಂತಿನಲ್ಲಿ ಶಾಲೆಯ ನೃತ್ಯ ಮುಗಿಸಿ ಬಂದ ರೋರಿ, ತನ್ನ ಹುಡುಗ ಡೀನ್ ಜತೆ ಕೂತು ಮಾತಾಡುತ್ತಾ ಓದುತ್ತಾ ನಿದ್ದೆ ಹೋಗುತ್ತಾಳೆ, ಬೆಳಗಾಗಿಬಿಡುತ್ತದೆ. ತಪ್ಪು ಏನೂ ನಡೆದಿಲ್ಲ. ಬೆಳಗ್ಗೆ ಎಮಿಲಿ ಕೂಗಾಡುತ್ತಾಳೆ, ಲೊರಲೈ ಮಗಳ ಪರ ನಿಂತು ಅಮ್ಮನನ್ನು ಕಳಿಸುತ್ತಾಳೆ. ಅಮ್ಮ ಆಚೆ ಹೋದದ್ದೇ ತಡ, ರೋರಿಯ ಕಡೆ ತಿರುಗಿ ಎಮಿಲಿ ಆಡಿದ್ದಕ್ಕಿಂತ ಜೋರಾಗಿ ತಾನೇ ಕೂಗಾಡುತ್ತಾಳೆ. ಗೆಳತಿಯಂಥ ಅಮ್ಮ ಎಂಬ ಮಾತು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ಈ ಒಂದು ಬೆಳಗಿನಲ್ಲಿ ತೋರಿಸಿದ್ದಾರೆ. ನೋಡುವ ತಾಯಂದಿರಿಗೆ ಈ ಕಂತು ನಾಟುವುದು ಅದಕ್ಕೇ.

ಮಾತಿನ ವೇಗದ ವಿಷಯಕ್ಕೆ ಬರೋಣ, ಇಷ್ಟಪಡುವವರೂ ಬೇಸತ್ತವರೂ ಇಬ್ಬರೂ ಹೇಳುವುದು ಅದನ್ನೇ. ಅಮೆರಿಕದ ಒಂದು ಗಂಟೆಯ ಧಾರಾವಾಹಿಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಹೆಚ್ಚುಕಡಿಮೆ 43 ನಿಮಿಷ. ಚಿತ್ರಕಥೆಯ ಒಂದು ಪುಟಕ್ಕೆ ಒಂದು ನಿಮಿಷ ಎಂಬುದು ಆ ಉದ್ಯಮದ ರೂಢಿ, ಅಂದರೆ 45ರಿಂದ 50 ಪುಟ ಬರೆದರೆ ಸಾಕು. 'ಗಿಲ್ಮೋರ್ ಗರ್ಲ್ಸ್' ಸ್ಕ್ರಿಪ್ಟುಗಳು 75ರಿಂದ 80 ಪುಟ ಇರುತ್ತಿದ್ದವು. ಪುಟಕ್ಕೆ ಅರ್ಧ ನಿಮಿಷದ ಲೆಕ್ಕ. ನಟರು ಬರೆದ ಮಾತನ್ನು ಬರೆದ ಹಾಗೇ ಆಡಬೇಕಿತ್ತು. ಒಂದು ಪದ ಹೆಚ್ಚುಕಡಿಮೆಯಾದರೂ ಲಯ ಕೆಡುತ್ತದೆಂದು ಮತ್ತೆ ಮೊದಲಿನಿಂದ. ಸಂಭಾಷಣೆ ಗಟ್ಟಿ ಮಾಡಿಸಲೆಂದೇ ತರಬೇತುದಾರರಿದ್ದರು.

ಈ ವೇಗದ ಬೇರು ಹುಡುಕಿದರೆ ಸಿಗುವವರು ಇದನ್ನು ಸೃಷ್ಟಿಸಿದ ಏಮಿ ಶರ್ಮನ್ ಪಲಡಿನೊ. ತಂದೆ ಹಾಸ್ಯ ಕಲಾವಿದ, ತಾನು ಕಲಿತದ್ದು ನೃತ್ಯ, ಬರವಣಿಗೆಯಲ್ಲಿ ಪಳಗಿದ್ದು ಅರ್ಧ ಗಂಟೆಯ ಹಾಸ್ಯ ಧಾರಾವಾಹಿಗಳಲ್ಲಿ. ಅರ್ಧ ಗಂಟೆಯ ಹಾಸ್ಯದಲ್ಲಿ ನಗು ಎಷ್ಟು ಹೊತ್ತಿಗೊಮ್ಮೆ ಬರಬೇಕೋ ಅಷ್ಟನ್ನೇ ಒಂದು ಗಂಟೆಯ ಸಂಸಾರ ಕಥೆಗೆ ತಂದರು. ನಗುವಿನ ಧ್ವನಿಮುದ್ರಿಕೆ ಮಾತ್ರ ಹಾಕಲಿಲ್ಲ. ಹಾಕದಿರುವುದರಿಂದ ಪಾತ್ರಗಳು ನೋಡುಗರ ನಗುವಿಗಾಗಿ ಕಾಯಬೇಕಾಗಿಲ್ಲ. ನೀವು ನಗುವಷ್ಟರಲ್ಲಿ ಮುಂದಿನ ಮಾತು ಹೋಗಿರುತ್ತದೆ. ಎರಡನೆಯ ಸಲ ನೋಡಿದಾಗ ಮೊದಲ ಸಲ ತಪ್ಪಿಸಿಕೊಂಡದ್ದು ಸಿಗುತ್ತದೆ. ಜನ ಮತ್ತೆ ಮತ್ತೆ ನೋಡುವುದಕ್ಕೆ ಇದಕ್ಕಿಂತ ಸರಳ ಕಾರಣ ಬೇರೆ ಬೇಕಾಗಿಲ್ಲ.

ಒಂದು ಹಾಸ್ಯ ಹೇಗೆ ಕಟ್ಟುತ್ತಾರೆಂದು ಹತ್ತಿರದಿಂದ ನೋಡಿ. ಮೊದಲ ಕಂತಿನ ಮೊದಲ ದೃಶ್ಯ, ಲ್ಯೂಕ್‌ನ ಹೋಟೆಲು. ಲೊರಲೈ ಕಾಫಿಗಾಗಿ ಗೋಗರೆಯುತ್ತಾಳೆ. ಬೆಳಗಿನಿಂದ ಎಷ್ಟು ಕಪ್ ಆಯಿತು ಎಂದು ಲ್ಯೂಕ್ ಕೇಳುತ್ತಾನೆ. ಒಂದೂ ಇಲ್ಲ ಎನ್ನುತ್ತಾಳೆ. ಅದರ ಮೇಲೆ? ಐದು, ಆದರೆ ನಿನ್ನ ಕಾಫಿಯೇ ಚೆನ್ನಾಗಿರುತ್ತೆ. ನಿನಗೇನೋ ತೊಂದರೆ ಇದೆ. ಹೌದು, ಇದೆ. ಇದರಲ್ಲಿ ಎಲ್ಲೂ ಜೋಕು ಹೇಳಿಲ್ಲ. ಒಬ್ಬರ ಸುಳ್ಳನ್ನು ಇನ್ನೊಬ್ಬರು ತಡೆಯದೆ ಮುಂದಕ್ಕೆ ನೂಕಿದ್ದಾರೆ. "ಸುಳ್ಳು ಹೇಳಬೇಡ" ಎಂದಿದ್ದರೆ ಅದು ಜಗಳ. "ಅದರ ಮೇಲೆ?" ಎಂದದ್ದರಿಂದ ಅದು ಪರಿಚಯ: ಇವನಿಗೆ ಅವಳ ಅಭ್ಯಾಸ ಗೊತ್ತು, ಅವನಿಗೆ ಗೊತ್ತೆಂದು ಅವಳಿಗೂ ಗೊತ್ತು. ಅಮ್ಮ ಮಗಳ ಮಾತೆಲ್ಲ ಇದೇ ಸೂತ್ರದ್ದು. ಒಬ್ಬಳು ಏನಾದರೂ ಅಸಂಬದ್ಧ ಹೇಳಿದರೆ ಇನ್ನೊಬ್ಬಳು ಯಾಕೆ ಎಂದು ಕೇಳುವುದಿಲ್ಲ, ಆ ಅಸಂಬದ್ಧವನ್ನೇ ಇನ್ನೊಂದು ಮೆಟ್ಟಿಲು ಹತ್ತಿಸುತ್ತಾಳೆ.

ಮಧ್ಯೆ ಮಧ್ಯೆ ಬರುವ ಹಳೆಯ ಸಿನಿಮಾ, ಪುಸ್ತಕ, ಬ್ಯಾಂಡುಗಳ ಹೆಸರು ಅಮೆರಿಕದವರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ. ಡಿವಿಡಿ ಬಂದಾಗ ಈ ಉಲ್ಲೇಖಗಳನ್ನು ಬಿಡಿಸಿ ಹೇಳುವ ಸಣ್ಣ ಕೈಪಿಡಿಯನ್ನೇ ಜತೆಗೆ ಕೊಟ್ಟಿದ್ದರು. ತಿಳಿಯದಿದ್ದರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರತಿ ಮನೆಯಲ್ಲೂ ಹೊರಗಿನವರಿಗೆ ಅರ್ಥವಾಗದ ಹತ್ತಾರು ಮಾತು ಓಡಾಡುತ್ತಿರುತ್ತವೆ. ಇಲ್ಲಿ ಕಾಣಬೇಕಾದದ್ದು ಅವರಿಬ್ಬರಿಗೆ ಅದು ಅರ್ಥವಾಗುತ್ತಿದೆ ಎಂಬುದು.

ಚಿತ್ರೀಕರಣದ ರೀತಿಯೂ ಮಾತಿಗೆ ತಕ್ಕ ಹಾಗೇ ಇದೆ. ನಮ್ಮ ದಿನವಹಿ ಧಾರಾವಾಹಿಯಲ್ಲಿ ಒಂದು ಕಟುಮಾತು ಬಂದರೆ ಕ್ಯಾಮೆರಾ ಮನೆಯಲ್ಲಿರುವ ಪ್ರತಿಯೊಬ್ಬರ ಮುಖಕ್ಕೂ ಹೋಗಿ ಬರುತ್ತದೆ, ಹಿನ್ನೆಲೆ ಸಂಗೀತ ಏರುತ್ತದೆ. ವಾರಕ್ಕೆ ಐದಾರು ಕಂತು ತಯಾರು ಮಾಡಬೇಕಾದ ತಂಡಕ್ಕೆ ಬೇರೆ ದಾರಿ ಕಡಿಮೆ. ಇಲ್ಲಿ ವರ್ಷಕ್ಕೆ 22ರ ಆಸುಪಾಸು ಕಂತು. ಮುಖದ ಹತ್ತಿರದ ಶಾಟುಗಳು ಕಡಿಮೆ, ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿಟ್ಟು, ಊರಿನ ಬೀದಿಯಲ್ಲಿ ನಡೆಸುತ್ತಾ, ಕತ್ತರಿಸದೆ ಉದ್ದಕ್ಕೆ ತೆಗೆದ ಶಾಟುಗಳೇ ಹೆಚ್ಚು. ಹೀಗೆ ತೆಗೆದಾಗ ಮೂರನೆಯ ನಿಮಿಷದಲ್ಲಿ ಒಬ್ಬರು ತಡವರಿಸಿದರೂ ಪೂರ್ತಿ ಶಾಟು ಹೋಯಿತು. ರೋರಿಯ ಪಾತ್ರದ ಅಲೆಕ್ಸಿಸ್ ಬ್ಲೆಡೆಲ್ ಆಗ ನಟನೆಗೆ ಹೊಸಬರು, ಕ್ಯಾಮೆರಾಗೆ ಸರಿಯಾಗಿ ಎಲ್ಲಿ ನಿಲ್ಲಬೇಕೆಂಬ ಅಭ್ಯಾಸವಿರಲಿಲ್ಲ. ಲೊರಲೈ ಪಾತ್ರದ ಲಾರೆನ್ ಗ್ರಹಾಂ ಆಕೆಯ ತೋಳಿಗೆ ತೋಳು ಸೇರಿಸಿ, ನಡೆಯುತ್ತಲೇ ಸರಿಯಾದ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದರು. ಮೊದಲ ಸೀಸನ್ನಿನಲ್ಲಿ ಅಮ್ಮ ಮಗಳು ಸದಾ ತೋಳು ಹಿಡಿದು ನಡೆಯುವುದನ್ನು ಕಂಡು ಎಷ್ಟು ಅಕ್ಕರೆ ಎಂದು ನೋಡುಗರು ಮೆಚ್ಚಿದರು. ಕೆಲಸದ ಅಗತ್ಯದಿಂದ ಬಂದದ್ದಾದರೂ ಆ ಅಕ್ಕರೆ ಸುಳ್ಳಲ್ಲ. ಹಿರಿಯಳು ಕಿರಿಯಳನ್ನು ಬೀಳದ ಹಾಗೆ ನಡೆಸುತ್ತಿದ್ದದ್ದು ನಿಜವೇ ತಾನೆ.

ಶೀರ್ಷಿಕೆ ಗೀತೆಯಲ್ಲೂ ಇದೇ ನಂಟಿದೆ. ಕ್ಯಾರೊಲ್ ಕಿಂಗ್ 1971ರ ತಮ್ಮ ಹಾಡೊಂದನ್ನು ಈ ಧಾರಾವಾಹಿಗಾಗಿ ಮಗಳು ಲೂಯಿಸ್ ಗೊಫಿನ್ ಜತೆ ಸೇರಿ ಮತ್ತೆ ಹಾಡಿದರು. ಪ್ರೇಮಿಗೆ ಹೇಳಿದ್ದ ಮಾತು ತಾಯಿ ಮಗಳ ಬಾಯಲ್ಲಿ ಬೇರೆಯೇ ಆಗಿಬಿಟ್ಟಿತು.

ಲೊರಲೈಗೆ ಈ ಮಾತುಗಾರಿಕೆ ಬಂದದ್ದು ಎಲ್ಲಿಂದ? ತಾನು ಯಾವ ಮನೆಯನ್ನು ಬಿಟ್ಟು ಓಡಿ ಬಂದಳೋ ಅಲ್ಲಿಂದಲೇ. ಎಮಿಲಿಯ ಪಾತ್ರದ ಕೆಲ್ಲಿ ಬಿಷಪ್ ಬ್ರಾಡ್‌ವೇಯಲ್ಲಿ ಕುಣಿದು ಬೆಳೆದವರು, 1976ರಲ್ಲಿ ಅಲ್ಲಿನ ರಂಗಭೂಮಿಯ ಟೋನಿ ಪ್ರಶಸ್ತಿ ಪಡೆದವರು. ಬೆನ್ನು ನೆಟ್ಟಗೆ, ಗದ್ದ ಮೇಲಕ್ಕೆ, ದನಿ ಏರಿಸದೆ ಆಕೆ ಎಸೆಯುವ ಮಾತು ಮಗಳ ಹತ್ತು ಮಾತಿಗೆ ಸಮ. ಲೊರಲೈ ನಗಿಸಲು ಮಾತಾಡುತ್ತಾಳೆ, ಎಮಿಲಿ ಗೆಲ್ಲಲು. ಎರಡರ ಚಾಕಚಕ್ಯತೆಯೂ ಒಂದೇ. ಇಬ್ಬರಿಗೂ ಇದು ಗೊತ್ತಾಗದಿರುವುದೇ ಆ ಊಟದ ಮೇಜಿನ ಸಂಕಟ, ಮೊದಲ ಕೆಲವು ಕಂತುಗಳಲ್ಲೇ ನೋಡುಗರಿಗೆ ಗೊತ್ತಾಗಿಬಿಡುವುದು ಅದರ ಸುಖ. ಹತ್ತನೆಯ ಕಂತಿನಲ್ಲಿ ಗಂಡ ರಿಚರ್ಡ್ ಆಸ್ಪತ್ರೆ ಸೇರುತ್ತಾನೆ. ನಾನಿಲ್ಲದಿದ್ದರೆ ಎಂದು ಅವನು ಏನೋ ಹೇಳಹೊರಟಾಗ ಎಮಿಲಿ ತಡೆಯುತ್ತಾಳೆ. ನೀವು ಸಾಯುವಂತಿಲ್ಲ, ಮೊದಲು ಹೋಗುವವಳು ನಾನು, ಅದು ನನ್ನ ಹಕ್ಕು, ತಿಳಿಯಿತಾ? ಆಗಲಿ ಎಮಿಲಿ, ನೀನೇ ಮೊದಲು ಹೋಗು ಎನ್ನುತ್ತಾನೆ ಅವನು. ಕೆಲಸದವರಿಗೆ ಆಜ್ಞೆ ಮಾಡುವ ಅದೇ ದನಿ. ಪ್ರೀತಿಯನ್ನು ಆಜ್ಞೆಯಾಗಿ ಅಲ್ಲದೆ ಬೇರೆ ಬಗೆಯಲ್ಲಿ ಹೇಳಲು ಬಾರದವಳು ಎಂದು ಗೊತ್ತಾದ ಮೇಲೆ ಎಮಿಲಿಯನ್ನು ಬಯ್ಯಲು ಬಾಯಿ ಬರುವುದಿಲ್ಲ.

ತವರಿನ ಹಾಡು ಕೇಳಿಕೊಂಡು ಬೆಳೆದ ನಮ್ಮಂಥವರಿಗೆ ಈ ಕಥೆ ಒಂದು ಕಡೆ ಚುರುಕ್ಕೆನ್ನಿಸುತ್ತದೆ. ನಮ್ಮ ಹಾಡಿನಲ್ಲಿ ಮಗಳು ತವರಿನ ಹಾದಿ ಕಾಯುತ್ತಾಳೆ. ಇಲ್ಲಿ ಮಗಳ ಹಾದಿಯನ್ನು ತವರೇ ಕಾಯುತ್ತದೆ, ಕಾಯುತ್ತಿದ್ದೇವೆಂದು ಬಾಯಿಬಿಡದೆ. ಮೊದಲ ಸೀಸನ್ನಿನ 19ನೆಯ ಕಂತಿನಲ್ಲಿ ರೋರಿ ಅಜ್ಜಿಯನ್ನು ಊರು ತೋರಿಸಲು ಕರೆದೊಯ್ಯುತ್ತಾಳೆ. ಇನ್‌ನ ಹಿಂದಿರುವ, ತೋಟದ ಸಾಮಾನು ಇಡುವ ಶೆಡ್ಡಿಗೂ ಕರೆದುಕೊಂಡು ಹೋಗಿ, ನಾನು ಚಿಕ್ಕವಳಿದ್ದಾಗ ನಾವಿಬ್ಬರೂ ಇಲ್ಲೇ ಇದ್ದೆವು ಎಂದು ಖುಷಿಯಿಂದ ಹೇಳುತ್ತಾಳೆ. ಅವಳಿಗೆ ಅದು ಚೆಂದದ ಬಾಲ್ಯ. ಎಮಿಲಿ ನೋಡುವುದು ಮಣ್ಣಿನ ಕುಂಡಗಳ ಜಾಗದಲ್ಲಿ ಮಲಗಿದ್ದ ತನ್ನ ಮಗಳನ್ನು, ಮೊಮ್ಮಗಳನ್ನು. ಕೋಣೆ ಕೋಣೆ ಖಾಲಿ ಬಿದ್ದಿರುವ ಮನೆಯನ್ನು ಬಿಟ್ಟು ಇಲ್ಲಿಗೆ ಬರುವಷ್ಟು ನಮ್ಮನ್ನು ದ್ವೇಷಿಸಿದೆಯಾ ಎಂಬುದು ಆಮೇಲೆ ಆಕೆ ಲೊರಲೈಗೆ ಹಾಕುವ ಪ್ರಶ್ನೆ. ಲೊರಲೈ ಪ್ರಕಾರ ಅದು ದ್ವೇಷವಲ್ಲ, ಉಸಿರಾಡಲು ಬೇಕಿದ್ದ ಜಾಗ. ಇಬ್ಬರೂ ಸರಿ. ಎರಡನೆಯ ಸೀಸನ್ನಿನಲ್ಲಿ, ಲೊರಲೈಗೆ ಆಗ ಆಸರೆ ಕೊಟ್ಟ ಇನ್‌ನ ಒಡತಿ ಮಿಯಾ ಎದುರು ನಿಂತು, ನನ್ನ ಮಗಳನ್ನು ವಾಪಸು ಕಳಿಸಬೇಕಿತ್ತು ಎಂದು ಎಮಿಲಿ ತಕರಾರು ತೆಗೆಯುತ್ತಾಳೆ. ಮಾತು ಬಂದು ನಿಲ್ಲುವುದು ಆ ವರ್ಷಗಳ ಫೋಟೋಗಳ ಹತ್ತಿರ. ತನ್ನ ಮೊಮ್ಮಗಳ ಬಾಲ್ಯವನ್ನು ಪರರ ಆಲ್ಬಮ್ಮಿನಲ್ಲಿ ನೋಡಬೇಕಾದ ಅಜ್ಜಿ ಆಕೆ.

ಸಾಲದ ಖಾತೆ ಮುಂದೆ ಹೇಗೆ ನಡೆಯಿತೆಂದು ಗಮನಿಸಿ, ಧಾರಾವಾಹಿಯ ಬೆನ್ನೆಲುಬು ಕಾಣುತ್ತದೆ. ಮೂರನೆಯ ಸೀಸನ್ನಿನ 18ನೆಯ ಕಂತಿನಲ್ಲಿ ಲೊರಲೈ ಹೆಸರಿನಲ್ಲಿ ಹಿಂದೆಂದೋ ಹೂಡಿದ್ದ ಹಣ ಬೆಳೆದು 75,000 ಡಾಲರ್ ಆಗಿದೆಯೆಂದು ರಿಚರ್ಡ್ ಚೆಕ್ ಕೊಡುತ್ತಾನೆ. ಲೊರಲೈ ಅದರಿಂದ ಚಿಲ್ಟನ್ ಸಾಲ ತೀರಿಸುತ್ತಾಳೆ. ಸಾಲ ತೀರಿದ್ದಕ್ಕೆ ಎಮಿಲಿಗೆ ಸಂತೋಷವಾಗುವುದಿಲ್ಲ, ಮುಖ ಕಳೆಗುಂದುತ್ತದೆ. ಇನ್ನು ಶುಕ್ರವಾರ ಬರಲೇಬೇಕೆಂಬ ನಿಯಮವಿಲ್ಲವಲ್ಲ. ಅದೇ ಹಣ ಕೈಗೆ ಬಂದದ್ದರಿಂದ ಯೇಲ್ ವಿಶ್ವವಿದ್ಯಾಲಯದ ಆರ್ಥಿಕ ನೆರವು ತಪ್ಪಿಹೋಗುತ್ತದೆ. ಸೀಸನ್ನಿನ ಕೊನೆಯಲ್ಲಿ ರೋರಿ ತಾನೇ ಅಜ್ಜಿ ತಾತನ ಬಳಿ ಹೋಗಿ ಯೇಲ್‌ಗೆ ಸಾಲ ಕೇಳಿ, ಬದಲಿಗೆ ಶುಕ್ರವಾರದ ಊಟವನ್ನು ತಾನಾಗಿ ಒಪ್ಪಿಕೊಂಡು ಬರುತ್ತಾಳೆ. ಅಮ್ಮ ಮಾಡಿದ್ದ ಒಪ್ಪಂದವನ್ನೇ ಮಗಳು ಮಾಡಿದಳು, ಅದೂ ಅಮ್ಮ ತನ್ನ ಕನಸಿನ ಇನ್‌ಗೆ ಕೂಡಿಟ್ಟ ದುಡ್ಡು ಉಳಿಯಲೆಂದು. ಆರನೆಯ ಸೀಸನ್ನಿನಲ್ಲಿ ರೋರಿಯ ಅಪ್ಪ ಕ್ರಿಸ್ಟೊಫರ್‌ಗೆ ಆಸ್ತಿ ಬಂದು ಅವನು ಯೇಲ್ ಫೀಸು ಕಟ್ಟತೊಡಗಿದಾಗ ಎಮಿಲಿಗೆ ಮತ್ತೆ ಅದೇ ಗಾಬರಿ.

ಆ ಗಾಬರಿಯ ಹಿಂದೆಯೇ ಬರುವ 13ನೆಯ ಕಂತಿನ ಊಟದ ಜಗಳ ಈ ಧಾರಾವಾಹಿಯ ಅತ್ಯುತ್ತಮ ನಿಮಿಷಗಳು ಎಂದು ನಾನು ಹೇಳುತ್ತೇನೆ. ನಾಲ್ವರೂ ಇದ್ದಾರೆ, ವರ್ಷಗಳಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದೆಲ್ಲ ಹೊರಗೆ ಬರುತ್ತದೆ. ದೃಶ್ಯವನ್ನು ತುಂಡು ತುಂಡಾಗಿ ಜೋಡಿಸಿದ್ದಾರೆ. ಒಂದು ತುಂಡಿನಲ್ಲಿ ಎಲ್ಲರೂ ಕಿರುಚುತ್ತಿದ್ದಾರೆ, ಮುಂದಿನದರಲ್ಲಿ ಯಾರದೋ ಮಾತಿಗೆ ನಾಲ್ವರೂ ಬಿದ್ದು ಬಿದ್ದು ನಗುತ್ತಿದ್ದಾರೆ, ಅದರ ಮುಂದಿನದರಲ್ಲಿ ಮತ್ತೆ ಕಿರುಚಾಟ. ನಡುವೆ ಏನಾಯಿತೆಂದು ತೋರಿಸುವುದೇ ಇಲ್ಲ. ಮನೆಮಂದಿಯ ದೊಡ್ಡ ಜಗಳಗಳು ನಡೆಯುವುದು ನಿಜಕ್ಕೂ ಹೀಗೇ ಅಲ್ಲವೇ?

ನಗು, ಅಳು ಎರಡನ್ನೂ ಒಂದೇ ಚೌಕಟ್ಟಿಗೆ ತರುವ ಈ ಕೈಚಳಕಕ್ಕೆ ಇನ್ನೊಂದು ಉದಾಹರಣೆ ಮೂರನೆಯ ಸೀಸನ್ನಿನ ಏಳನೆಯ ಕಂತಿನ 24 ಗಂಟೆಯ ನೃತ್ಯ ಸ್ಪರ್ಧೆ. ಹಿಂದಿನ ವರ್ಷಗಳಲ್ಲಿ ಗೆದ್ದ ಕರ್ಕ್‌ನನ್ನು ಈ ಸಲ ಸೋಲಿಸಲೇಬೇಕೆಂದು ಲೊರಲೈ ಮಗಳನ್ನು ಜತೆಗಾತಿ ಮಾಡಿಕೊಂಡು ಕುಣಿಯುತ್ತಿದ್ದಾಳೆ. ಚಪ್ಪಲಿಯ ಹಿಮ್ಮಡಿ ಮುರಿಯುತ್ತದೆ, ಲ್ಯೂಕ್ ಅಂಟಿಸಿಕೊಡುವವರೆಗೆ ಅವಳ ಜಾಗದಲ್ಲಿ ಡೀನ್ ನಿಲ್ಲುತ್ತಾನೆ. ಆ ಕೆಲವೇ ನಿಮಿಷದಲ್ಲಿ, ರೋರಿಯ ಮನಸ್ಸು ಜೆಸ್ ಎಂಬ ಇನ್ನೊಬ್ಬ ಹುಡುಗನ ಕಡೆಗಿದೆಯೆಂದು ಎಲ್ಲರೆದುರೇ ಹೇಳಿ ಡೀನ್ ಅವಳನ್ನು ಬಿಟ್ಟು ಹೋಗುತ್ತಾನೆ. ನೆಲದ ನಡುವೆ ಅಮ್ಮನ ಹೆಗಲಿಗೆ ಮುಖ ಒತ್ತಿ ಮಗಳು ಬಿಕ್ಕುತ್ತಿದ್ದಾಳೆ, ಅವರಿಬ್ಬರ ಸುತ್ತ ಟ್ರೋಫಿ ಎತ್ತಿ ಹಿಡಿದು ಕರ್ಕ್ ಗೆಲುವಿನ ಓಟ ಓಡುತ್ತಿದ್ದಾನೆ. ಕರ್ಕ್‌ನನ್ನು ತೆಗೆದರೆ ದೃಶ್ಯ ಅಳುಮುಂಜಿ, ರೋರಿಯನ್ನು ತೆಗೆದರೆ ಬರೀ ಹುಡುಗಾಟ.

ಮಾತು ನಿಂತಾಗ ಏನಾಗುತ್ತದೆ ಎಂಬುದನ್ನೂ ಬರೆದವರು ಚೆನ್ನಾಗಿ ಬಲ್ಲರು. ನಾಲ್ಕನೆಯ ಸೀಸನ್ನಿನ 14ನೆಯ ಕಂತಿನಲ್ಲಿ ರೋರಿ ಯೇಲ್‌ನಲ್ಲಿ ಒಂದು ವಿಷಯ ಕೈಬಿಡಬೇಕೆಂಬ ಸಂಕಟದಲ್ಲಿದ್ದಾಳೆ, ಲೊರಲೈ ಕಟ್ಟುತ್ತಿರುವ ಇನ್‌ಗೆ ದುಡ್ಡು ಮುಗಿದಿದೆ. ಇಬ್ಬರೂ ಒಬ್ಬರಿಗೊಬ್ಬರು ಫೋನು ಮಾಡುತ್ತಲೇ ಇರುತ್ತಾರೆ, ಒಂದು ಸಲವೂ ಸಿಗುವುದಿಲ್ಲ. ಕೊನೆಗೆ ಮಗಳು ಡೀನ್ ಎದುರು ಅಳುತ್ತಾಳೆ, ಅಮ್ಮ ಲ್ಯೂಕ್ ಎದುರು 30,000 ಡಾಲರ್ ಸಾಲ ಕೇಳುತ್ತಾ ಅಳುತ್ತಾಳೆ. ಐದನೆಯ ಸೀಸನ್ನಿನ ಕೊನೆಗೆ ರೋರಿ ಯೇಲ್ ಬಿಟ್ಟು ಅಜ್ಜಿ ತಾತನ ಮನೆಯ ಈಜುಕೊಳದ ಪಕ್ಕದ ಔಟ್‌ಹೌಸಿಗೆ ಹೋಗಿ ಸೇರುತ್ತಾಳೆ. ಲೊರಲೈ ಓಡಿ ಬಂದ ಮನೆಗೇ ಅವಳ ಮಗಳು ಓಡಿ ಹೋದಳು. ಆರನೆಯ ಸೀಸನ್ನಿನ ಒಂಬತ್ತನೆಯ ಕಂತಿನಲ್ಲಿ ಒಂದಾಗುವವರೆಗೆ ಅಮ್ಮ ಮಗಳ ನಡುವೆ ಹೆಚ್ಚುಕಡಿಮೆ ಮಾತೇ ಇಲ್ಲ. ಆಗ ತುಂಬಾ ಜನ ಇದಕ್ಕೆ ಮುನಿಸಿಕೊಂಡರು. ನನಗೆ ಇದು ಧೈರ್ಯದ ಬರವಣಿಗೆ ಅನ್ನಿಸುತ್ತದೆ. ಎಮಿಲಿ ಅನುಭವಿಸಿದ್ದನ್ನು ಲೊರಲೈ ಅನುಭವಿಸದೆ ಕಥೆ ನ್ಯಾಯವಾಗಿ ಮುಂದೆ ಹೋಗುತ್ತಿರಲಿಲ್ಲ.

ಇನ್ನೊಂದು ತಾಯಿ ಮಗಳ ಜೋಡಿಯ ಬಗ್ಗೆ ಯಾರೂ ಸಾಕಷ್ಟು ಬರೆಯುವುದಿಲ್ಲ. ರೋರಿಯ ಗೆಳತಿ ಲೇನ್ ಕಿಮ್, ಕೊರಿಯಾ ಮೂಲದವಳು. ಅವಳ ಅಮ್ಮ ಕಟ್ಟಾ ಅಡ್ವೆಂಟಿಸ್ಟ್ ಕ್ರೈಸ್ತಳು, ರಾಕ್ ಸಂಗೀತ ಮನೆಗೆ ತರುವಂತಿಲ್ಲ. ಲೇನ್ ತನ್ನ ಸಿಡಿಗಳನ್ನು ಕೋಣೆಯ ನೆಲದ ಹಲಗೆ ಎತ್ತಿ ಕೆಳಗೆ ಬಚ್ಚಿಡುತ್ತಾಳೆ. ಮೊದಲ ಸೀಸನ್ನುಗಳಲ್ಲಿ ಮಿಸೆಸ್ ಕಿಮ್‌ರನ್ನು ತೀರಾ ಅಚ್ಚಿನಲ್ಲಿ ಒತ್ತಿದಂತೆ ಬರೆದಿದ್ದಾರೆ, ಅದು ದೋಷವೇ. ಆದರೆ ಲೇನ್ ಮದುವೆಯ ಕಂತಿನಲ್ಲಿ ಕೊರಿಯಾದಿಂದ ಮಿಸೆಸ್ ಕಿಮ್‌ರ ತಾಯಿ ಬರುತ್ತಾರೆ, ಬೌದ್ಧರು. ಮಗಳು ಕ್ರೈಸ್ತಳಾಗಿರುವುದು ಅವರಿಗೆ ತಿಳಿಯಬಾರದೆಂದು ಮಿಸೆಸ್ ಕಿಮ್ ತಮ್ಮ ನಂಬಿಕೆಯನ್ನೇ ಬಚ್ಚಿಡಬೇಕಾಗುತ್ತದೆ. ಅಮ್ಮನೂ ಒಬ್ಬ ಅಮ್ಮನಿಗೆ ಹೆದರುವ ಮಗಳು ಎಂದು ಲೇನ್‌ಗೆ ಆ ದಿನ ಗೊತ್ತಾಗುತ್ತದೆ.

ಕೆಟ್ಟದ್ದು ಎಲ್ಲಿ? ಆರನೆಯ ಸೀಸನ್ನಿನಲ್ಲಿ ಲ್ಯೂಕ್‌ಗೆ ಇದ್ದಕ್ಕಿದ್ದಂತೆ ಹನ್ನೆರಡರ ಪ್ರಾಯದ ಮಗಳೊಬ್ಬಳನ್ನು ತಂದು ಕೂರಿಸಿದ್ದು ಹೊರಗಿನಿಂದ ಹೇರಿದ ಅಡ್ಡಿ, ಪಾತ್ರಗಳ ಒಳಗಿನಿಂದ ಬಂದದ್ದಲ್ಲ. ಆ ಸೀಸನ್ ಮುಗಿದ ಮೇಲೆ ಏಮಿ ಮತ್ತು ಪತಿ ಡೇನಿಯಲ್ ಪಲಡಿನೊ ಹೊರಬಂದರು. ಹಳೆಯ ಚಾನೆಲ್ಲು ಮುಚ್ಚಿ ಧಾರಾವಾಹಿ ಹೊಸದಕ್ಕೆ ಹೋಯಿತು, ಏಳನೆಯ ಸೀಸನ್ನನ್ನು ಡೇವಿಡ್ ರೋಸೆಂತಾಲ್ ನಡೆಸಿದರು. ಮಾತು ಆಗಲೂ ಬೇಗವೇ ಇದೆ, ಆದರೆ ಒಬ್ಬರದನ್ನು ಇನ್ನೊಬ್ಬರು ಮೆಟ್ಟಿಲು ಹತ್ತಿಸುವುದು ಕಡಿಮೆಯಾಗಿ, ಒಬ್ಬೊಬ್ಬರೂ ತಮ್ಮ ತಮ್ಮ ಜೋಕು ಹೇಳಿಕೊಳ್ಳುವುದು ಹೆಚ್ಚಾಗಿದೆ. ಇಷ್ಟಾದರೂ ಕೊನೆಯ ಕಂತನ್ನು ನಾನು ಬಿಟ್ಟುಕೊಡುವುದಿಲ್ಲ. ಒಬಾಮ ಚುನಾವಣಾ ಪ್ರಚಾರದ ವರದಿಗಾರ್ತಿಯಾಗಿ ರೋರಿ ಹೊರಟು ನಿಂತಿದ್ದಾಳೆ, ಯೇಲ್ ಮುಗಿದಿದೆ, ಸಾಲವೂ ಇಲ್ಲ. ಎಮಿಲಿ ಲೊರಲೈ ಬಳಿ ಬಂದು, ನಿನ್ನ ಇನ್‌ಗೊಂದು ಸ್ಪಾ ಕಟ್ಟಿಸು, ದುಡ್ಡು ನಾವು ಕೊಡುತ್ತೇವೆ ಎಂದು ಶುರುಮಾಡುತ್ತಾಳೆ. ಅಮ್ಮ ಏನು ಕೇಳುತ್ತಿದ್ದಾಳೆಂದು ಲೊರಲೈಗೆ ಈಗ ಅರ್ಥವಾಗುತ್ತದೆ. ಸ್ಪಾ ಬೇಡ, ಶುಕ್ರವಾರದ ಊಟ ಅಭ್ಯಾಸವಾಗಿಬಿಟ್ಟಿದೆ, ಬರುತ್ತೇನೆ ಎಂಬ ಭರವಸೆ ಕೊಡುತ್ತಾಳೆ.

ಪ್ರಶಸ್ತಿಗಳ ವಿಷಯದಲ್ಲಿ ಇದಕ್ಕೆ ಅನ್ಯಾಯವಾಯಿತು ಎಂಬುದನ್ನು ಹೇಳಲೇಬೇಕು. ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಏಳು ವರ್ಷಕ್ಕೆ ಬಂದದ್ದು ಒಂದೇ, 2004ರಲ್ಲಿ, ಮೇಕಪ್‌ಗೆ. ಊರವರೆಲ್ಲ ಪ್ರಸಿದ್ಧ ವರ್ಣಚಿತ್ರಗಳಂತೆ ಬಣ್ಣ ಬಳಿದುಕೊಂಡು ನಿಲ್ಲುವ ಕಂತಿಗೆ. ಲಾರೆನ್ ಗ್ರಹಾಂ, ಕೆಲ್ಲಿ ಬಿಷಪ್ ಇಬ್ಬರಿಗೂ ಎಮ್ಮಿ ನಾಮನಿರ್ದೇಶನ ಕೂಡ ಬರಲಿಲ್ಲ.

ಹೊಸದಾಗಿ ನೋಡುವವರಿಗೆ ಕೆಲವು ಮಾತು. ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬಂದರೂ ಸಬ್‌ಟೈಟಲ್ ಹಾಕಿಕೊಳ್ಳಿ. ಮೊದಲ ಐದಾರು ಕಂತು ಕಿವಿ ಪಳಗಲು ಬೇಕು, ಅಲ್ಲಿಯವರೆಗೆ ಬಿಡಬೇಡಿ. ಎರಡೆರಡು ಕಂತಿಗಿಂತ ಹೆಚ್ಚು ಒಟ್ಟಿಗೆ ನೋಡಿದರೆ ಮಾತು ಕಿವಿಗೆ ಗದ್ದಲವಾಗುತ್ತದೆ; ವಾರಕ್ಕೊಂದರಂತೆ ನೋಡಲು ಮಾಡಿದ್ದು ಇದು. ಮೊದಲ ಸೀಸನ್ನಿನ ಒಂಬತ್ತು ಮತ್ತು ಹತ್ತನ್ನು ಮಾತ್ರ ಬೇರ್ಪಡಿಸಬೇಡಿ, ಒಂದರ ಜಗಳ ಇನ್ನೊಂದರಲ್ಲಿ ಇಳಿಯುತ್ತದೆ. ಮೂರನೆಯ ಸೀಸನ್ನಿನ 13ನೆಯ ಕಂತನ್ನು ಎಮಿಲಿಯ ಮುಖ ನೋಡುವುದಕ್ಕಾಗಿಯೇ ನೋಡಿ, ಹದಿಹರೆಯದ ಲೊರಲೈ ಮನೆ ಬಿಟ್ಟ ಕಥೆ ಅಲ್ಲಿದೆ.

2016ರ ನವೆಂಬರ್ 25ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಮುಂದುವರಿಕೆ ಋತುವಿಗೊಂದರಂತೆ ನಾಲ್ಕೇ ಕಂತು, ಒಂದೊಂದೂ ಒಂದೂವರೆ ಗಂಟೆಯ ಸುಮಾರು. ರಿಚರ್ಡ್ ಪಾತ್ರದ ಎಡ್ವರ್ಡ್ ಹರ್ಮನ್ 2014ರ ಡಿಸೆಂಬರ್ 31ರಂದು ತೀರಿಕೊಂಡಿದ್ದರಿಂದ ಕಥೆಯಲ್ಲೂ ಆ ಸಾವು ಇದೆ. ರೋರಿಯ ಭಾಗ ಬಡಕಲು, ಬೇಸಿಗೆಯ ಕಂತಿನಲ್ಲಿ ಪರರ ಮೈಕಟ್ಟನ್ನು ಆಡಿಕೊಳ್ಳುವ ಮಾತುಗಳು ಇರಬಾರದಿತ್ತು. ಚಳಿಗಾಲದ್ದನ್ನು ಮತ್ತು ಶರತ್ಕಾಲದ್ದನ್ನು ಮಾತ್ರ ಮನಸ್ಸಿಟ್ಟು ನೋಡಿ. ಮೊದಲನೆಯದರಲ್ಲಿ ಅಪ್ಪನ ಬಗ್ಗೆ ಒಂದು ಒಳ್ಳೆಯ ನೆನಪು ಹೇಳು ಎಂದಾಗ ಲೊರಲೈಗೆ ಆಗುವುದಿಲ್ಲ, ಎಮಿಲಿ ಅದನ್ನು ಕ್ಷಮಿಸುವುದಿಲ್ಲ. ಕೊನೆಯದರಲ್ಲಿ ಲೊರಲೈ ದೂರದಿಂದ ಅಮ್ಮನಿಗೆ ಫೋನು ಮಾಡಿ, ಹದಿಮೂರನೆಯ ಹುಟ್ಟುಹಬ್ಬದ ದಿನ ತಾನು ಶಾಲೆಗೆ ಹೋಗದೆ ಮಾಲ್‌ನಲ್ಲಿ ಅಳುತ್ತಿದ್ದಾಗ ಅಪ್ಪ ಕಂಡು, ಬಯ್ಯದೆ, ಪ್ರೆಟ್ಜೆಲ್ ಕೊಡಿಸಿ ಸಿನಿಮಾಕ್ಕೆ ಕರೆದೊಯ್ದದ್ದನ್ನು ಹೇಳುತ್ತಾಳೆ. ಅದೇ ಕಂತಿನಲ್ಲಿ ಇನ್ ವಿಸ್ತರಿಸಲು ಲೊರಲೈ ಮತ್ತೆ ಅಮ್ಮನ ಬಳಿ ದುಡ್ಡು ಕೇಳುತ್ತಾಳೆ. ಎಮಿಲಿ ಆಗಲೂ ಶರತ್ತು ಹಾಕುತ್ತಾಳೆ: ವರ್ಷಕ್ಕೆ ಕೆಲವು ವಾರ ನಾನ್‌ಟಕೆಟ್‌ನ ತನ್ನ ಹೊಸ ಮನೆಗೆ ಬಂದಿರಬೇಕು.